‘ಅದೇ ಚಂದ್ರ’ನಿಗೆ ಒಂದು ತಿದ್ದೋಲೆ

ನಮ್ಮಂತಹ ಹೊರನಾಡ ಬಳಗಗಳಲ್ಲಿ ಒಂದು ಪ್ರಬಂಧ ಎರಡು ವರ್ಷಕ್ಕೊಮ್ಮೆಯಾದರೂ ಹುಟ್ಟುತ್ತದೆ. ಬರೆಯುವವರು ಬೇರೆಯಾದರೂ ಪ್ರಬಂಧ ಒಂದೇ. ಲೇಖಕ ಪರದೇಶದಲ್ಲಿದ್ದಾನೆ. ನಡುರಾತ್ರಿ. ಮನೆಮಂದಿ ಮಲಗಿದ್ದಾರೆ. ಕೈಯಲ್ಲಿ ಆರುತ್ತಿರುವ ಚಹಾ. ಬಾಲ್ಕನಿಗೆ ಬಂದು ತಲೆಯೆತ್ತಿದರೆ ಆಕಾಶದ ತುಂಬ ನಕ್ಷತ್ರ. ತಕ್ಷಣ ಅಜ್ಜಿಯ ಅಂಗಳ, ಚಾಪೆ, ಕೈತುತ್ತು ನೆನಪಾಗುತ್ತವೆ. ಊರು ಎಷ್ಟು ದೂರವಿದ್ದರೇನು, ಅದೇ ಚಂದ್ರ, ಅದೇ ತಾರೆ ಇಬ್ಬರ ಮೇಲೂ ಇವೆಯಲ್ಲ ಎಂಬ ಸಮಾಧಾನದೊಂದಿಗೆ ಪ್ರಬಂಧ ಮುಗಿಯುತ್ತದೆ. ಸಭೆಯಲ್ಲಿ ಓದಿದರೆ ಚಪ್ಪಾಳೆ. ಒಬ್ಬಿಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವುದೂ ಉಂಟು.

ಈ ಪ್ರಬಂಧವನ್ನು ನಾನೂ ಬರೆದಿದ್ದೇನೆ. ನಮೀಬಿಯಾದ ರಾಜಧಾನಿ ವಿಂಡ್‌ಹುಕ್‌ನಲ್ಲಿ ಮೂರು ವರ್ಷ ಸರ್ಕಾರಿ ನಿಯೋಜನೆಯ ಮೇಲಿದ್ದು, ದೆಹಲಿಗೆ ಮರಳಿದ ಹೊಸತರಲ್ಲಿ ಬರೆದು, ಬಳಗದ ತಿಂಗಳ ಸಭೆಯಲ್ಲಿ ಓದಿ, ಮೇಲೆ ಹೇಳಿದ ಚಪ್ಪಾಳೆಯನ್ನು ತಪ್ಪದೆ ಪಡೆದೆ. ಆ ಪ್ರಬಂಧದ ಭಾವನೆ ನಿಜವಾದದ್ದೇ. ಆದರೆ ಅದರಲ್ಲಿ ಹೇಳಿದ ಸಂಗತಿ ತಪ್ಪು. ಆ ಸಂಗತಿಯಿಂದ ಎಳೆದ ತೀರ್ಮಾನ ಇನ್ನೂ ದೊಡ್ಡ ತಪ್ಪು. ಇಪ್ಪತ್ತು ವರ್ಷ ಕಡತಗಳ ನಡುವೆ ಬದುಕಿದವನಿಗೆ, ತಪ್ಪು ಆದೇಶ ಹೊರಬಿದ್ದರೆ ಮುಂದೇನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ತಿದ್ದೋಲೆ ಹೊರಡಿಸಬೇಕು. ಇದು ಆ ತಿದ್ದೋಲೆ.

ಮೊದಲು ಸಂಗತಿಯ ತಪ್ಪು. ವಿಂಡ್‌ಹುಕ್ ಭೂಮಧ್ಯರೇಖೆಗೆ 22 ಡಿಗ್ರಿಗೂ ಹೆಚ್ಚು ದಕ್ಷಿಣದಲ್ಲಿದೆ. ಅಲ್ಲಿ ಧ್ರುವ ನಕ್ಷತ್ರವಿಲ್ಲ. ವರ್ಷದ ಯಾವ ರಾತ್ರಿಯೂ ಅದು ದಿಗಂತದಿಂದ ಮೇಲೇಳುವುದಿಲ್ಲ. ಸಪ್ತರ್ಷಿಗಳು ಏಪ್ರಿಲ್, ಮೇ ತಿಂಗಳಲ್ಲಿ ಉತ್ತರದ ಗುಡ್ಡಗಳಿಗೆ ತಾಗುವಷ್ಟು ಕೆಳಗೆ, ತಲೆಕೆಳಗಾಗಿ, ಕೆಲವು ತಾಸು ಕಾಣಿಸಿಕೊಂಡು ಮುಳುಗುತ್ತಾರೆ. ಮದುವೆಯಲ್ಲಿ ತೋರಿಸುವ ಅರುಂಧತಿಯನ್ನು ಅಲ್ಲಿ ಗುಡ್ಡದ ಸಂದಿಯಲ್ಲಿ ಹುಡುಕಬೇಕು. ನಮ್ಮ ದಕ್ಷಿಣ ದಿಕ್ಕಿನಲ್ಲಿ ತಗ್ಗಿ ನಿಲ್ಲುವ ಅಗಸ್ತ್ಯ ಅಲ್ಲಿ ಆಕಾಶದ ಮೂರರಲ್ಲಿ ಎರಡು ಪಾಲು ಎತ್ತರಕ್ಕೆ ಏರುತ್ತಾನೆ. ನಮ್ಮ ಮೃಗ ಅಲ್ಲಿ ಮಗುಚಿ ಬಿದ್ದಿರುತ್ತದೆ. ನಮ್ಮಲ್ಲಿ ಅದರ ಕೆಳಗಿರುವ ವ್ಯಾಧ ಅಲ್ಲಿ ಅದರ ಮೇಲೆ, ನೆತ್ತಿಯ ಸಮೀಪದಲ್ಲಿ. ಇನ್ನು ಚಂದ್ರ. ಅವನು ಅಲ್ಲಿ ಬಹುಪಾಲು ಉತ್ತರದ ಆಕಾಶದಲ್ಲಿ ಸಾಗುವುದರಿಂದ, ನೋಡುವವರು ಉತ್ತರಕ್ಕೆ ಮುಖ ಮಾಡಬೇಕಾಗುತ್ತದೆ. ಆಗ ಅವನ ಮೈಮೇಲಿನ ಮೊಲ ತಲೆಕೆಳಗು.

‘ಅದೇ ಚಂದ್ರ’ ಎಂದು ಬರೆದ ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೋದ ಮೊದಲ ತಿಂಗಳಲ್ಲೇ ಮೊಲ ಮಗುಚಿದ್ದನ್ನು ಕಂಡು ಹೆಂಡತಿಯನ್ನು ಕರೆದು ತೋರಿಸಿದ್ದೆ. ಬರೆಯುವಾಗ ಬಿಟ್ಟೆ. ಪ್ರಬಂಧಕ್ಕೆ ಅದು ಬೇಕಿರಲಿಲ್ಲ; ಬೇಕಾಗಿದ್ದುದು ಅಜ್ಜಿಯ ಅಂಗಳಕ್ಕೆ ಹೋಗಿ ಸೇರುವ ಚಂದ್ರ. ಕಣ್ಣು ಕಂಡದ್ದನ್ನು ಲೇಖನಿ ಹೀಗೆ ಅಳಿಸುವುದಾದರೆ ಆಕಾಶವನ್ನು ನೋಡಿ ಬರೆಯುವ ಅಗತ್ಯವೇನು? ಒಳಗೆ ಕುಳಿತೇ ಬರೆಯಬಹುದು. ನಮ್ಮಲ್ಲಿ ಹೆಚ್ಚಿನವರು ಹಾಗೆಯೇ ಬರೆಯುತ್ತಿದ್ದೇವೆ ಎಂಬುದು ನನ್ನ ಆಕ್ಷೇಪ.

ಇದರಲ್ಲಿ ನನ್ನ ಓದಿನ ಪಾಲೂ ಇದೆ. ಇಂಗ್ಲಿಷ್ ಎಂ.ಎ. ಪರೀಕ್ಷೆಯಲ್ಲಿ ಕೀಟ್ಸ್ ನಕ್ಷತ್ರದ ಮೇಲೆ ಬರೆದ ಸಾನೆಟ್ಟಿಗೆ ನಾಲ್ಕು ಪುಟ ಉತ್ತರ ಬರೆದಿದ್ದೆ. ಆ ರಾತ್ರಿ ಹಾಸ್ಟೆಲಿನ ಮಾಳಿಗೆಯ ಮೇಲೆ ನಿಲ್ಲಿಸಿ ಒಂದು ನಕ್ಷತ್ರವನ್ನು ಹೆಸರು ಹಿಡಿದು ತೋರಿಸು ಎಂದಿದ್ದರೆ ಬೆಳ್ಳಿಚುಕ್ಕಿಯ ಹೊರತು ಬೇರೇನೂ ತೋರಿಸಲಾಗುತ್ತಿರಲಿಲ್ಲ. ಅದಂತೂ ನಕ್ಷತ್ರವೇ ಅಲ್ಲ, ಶುಕ್ರಗ್ರಹ. ನಕ್ಷತ್ರ ನಮಗೆ ಸಂಕೇತವಾಗಿ ಬಂತು, ವಸ್ತುವಾಗಿ ಬರಲಿಲ್ಲ. ಖಗೋಳವನ್ನು ಕನ್ನಡದಲ್ಲಿ ಬರೆದ ಜಿ. ಟಿ. ನಾರಾಯಣ ರಾವ್ ಅವರಂಥವರನ್ನು ನಾವು ‘ವಿಜ್ಞಾನ ಲೇಖಕರು’ ಎಂಬ ಬೇರೆ ಕಪಾಟಿನಲ್ಲಿಟ್ಟು, ಸಾಹಿತ್ಯದ ಕಪಾಟಿನಲ್ಲಿ ಹೆಸರಿಲ್ಲದ ತಾರೆಗಳನ್ನು ತುಂಬಿಕೊಂಡೆವು.

ನನ್ನ ಹಳೆಯ ಪ್ರಬಂಧ ಬಿಟ್ಟುಬಿಟ್ಟ ಇನ್ನೊಂದು ಸಂಗತಿಯಿದೆ. ನಮ್ಮ ವಸತಿಯ ರಾತ್ರಿ ಕಾವಲುಗಾರ ನಾಮಾ ಜನಾಂಗದವನು. ಒಂದು ಡಿಸೆಂಬರ್ ರಾತ್ರಿ ಇಡೀ ಬಡಾವಣೆಯ ವಿದ್ಯುತ್ ಹೋದಾಗ ಇಬ್ಬರೂ ಗೇಟಿನ ಬಳಿ ನಿಂತಿದ್ದೆವು. ಅವನು ತನ್ನ ಜನರ ಕಥೆಯೊಂದನ್ನು ಕೈಯೆತ್ತಿ ತೋರಿಸುತ್ತ ಹೇಳಿದ. ನಾವು ಕೃತ್ತಿಕೆ ಎನ್ನುವ ಗೊಂಚಲು ಹೆಂಡತಿಯರು. ನಾವು ರೋಹಿಣಿ ಎನ್ನುವ ಕೆಂಪು ತಾರೆ ಅವರ ಗಂಡ. ಮೃಗದ ನಡುವಿನ ಮೂರು ನಕ್ಷತ್ರಗಳು ಮೂರು ಜೀಬ್ರಾಗಳು. ಹೆಂಡತಿಯರು ಬೇಟೆಗೆ ಕಳಿಸಿದರು. ಗಂಡನ ಬಾಣ ಗುರಿ ತಪ್ಪಿ ಆಚೆ ಬಿತ್ತು. ಹೋಗಿ ಎತ್ತಿಕೊಳ್ಳೋಣವೆಂದರೆ ಪಕ್ಕದಲ್ಲಿ ಸಿಂಹ ಕುಳಿತಿದೆ. ಅದು ನಮ್ಮ ಆರ್ದ್ರಾ. ಬರಿಗೈಯಲ್ಲಿ ಮನೆಗೆ ಹೋಗೋಣವೆಂದರೆ ಹೆಂಡತಿಯರ ಶಾಪದ ಭಯ. ಹಾಗಾಗಿ ಅವನು ಇಂದಿಗೂ ಚಳಿಯಲ್ಲಿ ಅಲ್ಲೇ ಕುಳಿತಿದ್ದಾನೆ.

ನಮ್ಮ ಹಳೆಯ ಕಥೆಯಲ್ಲಿ ಅದೇ ಮೂರು ನಕ್ಷತ್ರಗಳು ಜಿಂಕೆಯ ಮೈಗೆ ನೆಟ್ಟ ಬಾಣ, ಎಸೆದವನು ವ್ಯಾಧ. ಸಮುದ್ರದ ಎರಡು ದಡಗಳಲ್ಲಿದ್ದ ಜನ ಒಂದೇ ತುಂಡು ಆಕಾಶದಲ್ಲಿ ಬೇಟೆಗಾರ, ಬಾಣ, ಪ್ರಾಣಿಯನ್ನು ಕಂಡಿದ್ದಾರೆ. ಮನೆಗೆ ಮರಳಲಾರದೆ ಕುಳಿತವನ ಕಥೆ ವಲಸೆ ಹೋದವನಿಗೆ ಅಜ್ಜಿಯ ಅಂಗಳಕ್ಕಿಂತ ಹತ್ತಿರವಾಗಬೇಕಿತ್ತು. ಅದನ್ನು ನಾನು ಬರೆಯಲಿಲ್ಲ. ಪರದೇಶದ ಆಕಾಶದ ಕೆಳಗೆ ಆ ದೇಶದವನೊಬ್ಬ ನಿಂತಿದ್ದಾನೆ ಎಂಬುದಕ್ಕೆ ನಮ್ಮ ಈ ಬಗೆಯ ಪ್ರಬಂಧಗಳಲ್ಲಿ ಜಾಗವೇ ಇರುವುದಿಲ್ಲ.

ಕಥೆ ಮುಗಿಸಿ ಅವನು ಕೇಳಿದ: ‘ನಿಮ್ಮ ದೇಶದಲ್ಲಿ ಇವು ಇಲ್ಲವೇ?’

‘ಇದ್ದವು, ಈಗ ಕಾಣುವುದಿಲ್ಲ’ ಎಂದೆ.

‘ಯಾರು ತೆಗೆದರು?’

ಉತ್ತರ ಹೊಳೆಯದೆ ನಕ್ಕೆ. ಈ ಪ್ರಶ್ನೆಯನ್ನೂ ಪ್ರಬಂಧದಲ್ಲಿ ಬರೆಯಲಿಲ್ಲ. ಅಲ್ಲಿಂದ ನನ್ನ ಎರಡನೆಯ ತಪ್ಪು, ತೀರ್ಮಾನದ ತಪ್ಪು, ಆರಂಭವಾಗುತ್ತದೆ.

‘ಅಲ್ಲಿ ಆಕಾಶ ಸ್ವಚ್ಛ, ಇಲ್ಲಿ ಇಲ್ಲ’ ಎಂದು ನಾವು ಬರೆಯುವಾಗ, ಅದನ್ನು ಹವಾಮಾನದ ವಿಷಯವೆಂಬಂತೆ, ದೇವರು ಹಂಚಿದ ಭೂಗೋಳವೆಂಬಂತೆ ಬರೆಯುತ್ತೇವೆ. ಕತ್ತಲೆಯ ಆಕಾಶ ವಿದೇಶಿ ವಸ್ತು. ವಿಮಾನದ ಟಿಕೆಟ್ ಇದ್ದವರಿಗೆ ದಕ್ಕುವಂಥದ್ದು. ದೆಹಲಿಯಲ್ಲಿ ಹೊಗೆಯ ಪಾಲು ದೊಡ್ಡದು, ಒಪ್ಪುತ್ತೇನೆ. ಆದರೆ ಮಳೆ ತೊಳೆದ ರಾತ್ರಿಯಲ್ಲೂ ನಮ್ಮ ಸರ್ಕಾರಿ ವಸತಿಯ ಮಾಳಿಗೆಯಿಂದ ಎಣಿಸಿದರೆ ಮೂವತ್ತು ನಕ್ಷತ್ರ ಸಿಗುವುದಿಲ್ಲ. ಉಳಿದವನ್ನು ಮುಚ್ಚಿದ್ದು ನಮ್ಮ ದೀಪಗಳು. ಮೇಲಕ್ಕೆ, ಪಕ್ಕಕ್ಕೆ ಚೆಲ್ಲಿದ ಬೆಳಕು ಗಾಳಿಯ ಕಣಗಳಿಗೆ ಬಡಿದು ಚದುರಿ ಆಕಾಶಕ್ಕೆ ಮಂಜಿನಂಥ ತೆರೆ ಎಳೆಯುತ್ತದೆ. ನೀಲಿಯ ಅಂಶ ಹೆಚ್ಚಿರುವ ಬಿಳಿ ಬೆಳಕು ಹಳದಿಗಿಂತ ಹೆಚ್ಚು ಚದುರುತ್ತದೆ. ಹಗಲಿನ ಆಕಾಶ ನೀಲಿಯಾಗಿರುವುದೂ ಇದೇ ಕಾರಣಕ್ಕೆ. ಹಳದಿ ಸೋಡಿಯಂ ದೀಪಗಳನ್ನು ಕಿತ್ತು ಬಿಳಿ ಎಲ್‌ಇಡಿ ಹಾಕುವ ರಾಷ್ಟ್ರೀಯ ಯೋಜನೆ 2015ರಲ್ಲಿ ಆರಂಭವಾಗಿ ಒಂದು ಕೋಟಿಗೂ ಹೆಚ್ಚು ಬೀದಿದೀಪಗಳನ್ನು ಬದಲಾಯಿಸಿದೆ. ವಿದ್ಯುತ್ ಉಳಿತಾಯದ ದೃಷ್ಟಿಯಿಂದ ಅದು ಒಳ್ಳೆಯ ಕೆಲಸವೇ. ಆದರೆ ದೀಪ ಅಗ್ಗವಾದೊಡನೆ ನಾವು ಉಳಿಸಿದ ಹಣಕ್ಕೆ ಇನ್ನಷ್ಟು ದೀಪ ಹಾಕಿದೆವು, ತಲೆಗೊಂದು ಟೋಪಿ ಇಡದೆ.

ಇದು ನಮ್ಮೊಬ್ಬರ ಕಥೆಯಲ್ಲ. 2016ರಲ್ಲಿ ಪ್ರಕಟವಾದ ಜಾಗತಿಕ ನಕ್ಷೆಯೊಂದರ ಪ್ರಕಾರ ಭೂಮಿಯ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ಇರುವಲ್ಲಿಂದ ಆಕಾಶಗಂಗೆಯನ್ನು ನೋಡಲಾರರು. 2011ರಿಂದ 2022ರವರೆಗೆ ಸಾಮಾನ್ಯ ಜನರೇ ಬರಿಗಣ್ಣಿನಿಂದ ನೋಡಿ ದಾಖಲಿಸಿದ ಐವತ್ತು ಸಾವಿರಕ್ಕೂ ಹೆಚ್ಚು ವೀಕ್ಷಣೆಗಳನ್ನು ಒಟ್ಟುಗೂಡಿಸಿದ ಅಧ್ಯಯನ 2023ರಲ್ಲಿ ಬಂತು. ಬಹುಪಾಲು ಯುರೋಪ್ ಮತ್ತು ಉತ್ತರ ಅಮೆರಿಕದಿಂದ ಬಂದ ಆ ಲೆಕ್ಕದಲ್ಲಿ ರಾತ್ರಿಯ ಆಕಾಶ ಸರಾಸರಿ ವರ್ಷಕ್ಕೆ ಶೇ. 9.6ರಷ್ಟು ಬೆಳಗುತ್ತಿದೆ. 250 ನಕ್ಷತ್ರ ಕಾಣುವಲ್ಲಿ ಹುಟ್ಟಿದ ಮಗು ಹದಿನೆಂಟು ತುಂಬುವಾಗ ಅಲ್ಲಿಯೇ ನಿಂತರೆ ನೂರು ಕಂಡೀತು. ‘ಅಲ್ಲಿ ಆಕಾಶ ಸ್ವಚ್ಛ’ ಎಂಬ ಮಾತು ಅಲ್ಲಿಯೂ ಸುಳ್ಳಾಗುತ್ತಿದೆ.

ಕತ್ತಲೆ ಉಳಿದಿರುವ ಕಡೆ ಅದು ತಾನಾಗಿ ಉಳಿದಿಲ್ಲ. ಅಮೆರಿಕದ ಫ್ಲಾಗ್‌ಸ್ಟಾಫ್ ಪಟ್ಟಣ ಆಕಾಶಕ್ಕೆ ಬೀರುವ ದೀಪಗಳನ್ನು ನಿಯಂತ್ರಿಸುವ ನಿಯಮವನ್ನು 1958ರಷ್ಟು ಹಿಂದೆಯೇ ಮಾಡಿತು. ಸ್ಪೇನ್ ತನ್ನ ಕೆನರಿ ದ್ವೀಪಗಳ ಆಕಾಶಕ್ಕಾಗಿ 1988ರಲ್ಲಿ ಕಾನೂನು ತಂದಿತು. ನಮೀಬಿಯಾದ ನಮೀಬ್‌ರ‍್ಯಾಂಡ್ ಅಭಯಾರಣ್ಯ 2012ರಲ್ಲಿ ಅಂತರರಾಷ್ಟ್ರೀಯ ಕತ್ತಲೆ ಆಕಾಶ ಮೀಸಲು ಪ್ರದೇಶವೆಂದು ಮಾನ್ಯತೆ ಪಡೆದದ್ದು ಅಲ್ಲಿನ ದೀಪಗಳನ್ನೆಲ್ಲ ಲೆಕ್ಕ ಹಾಕಿ, ತಗ್ಗಿಸಿ, ಮರೆಮಾಡಿದ ಮೇಲೆ. ನಮ್ಮ ದೇಶದಲ್ಲೇ ಲಡಾಖಿನ ಹಾನ್ಲೆಯ ಸುತ್ತ 2022ರ ಡಿಸೆಂಬರಿನಲ್ಲಿ ಇಂಥದೇ ಮೀಸಲು ಪ್ರದೇಶ ಘೋಷಣೆಯಾಯಿತು. ಆ ಹಳ್ಳಿಗಳ ಯುವಕ ಯುವತಿಯರಿಗೆ ದೂರದರ್ಶಕ ಕೊಟ್ಟು, ಬಂದವರಿಗೆ ಆಕಾಶ ತೋರಿಸುವ ತರಬೇತಿ ನೀಡಲಾಗಿದೆ. ಹಾನ್ಲೆಯಲ್ಲಿರುವ 2 ಮೀಟರ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ. ಬೆಂಗಳೂರಿನ ಬೆಳಕಿನ ಅಂಚಿನಲ್ಲಿ ಕುಳಿತವರು ಹಿಮಾಲಯದಾಚೆಯ ಕತ್ತಲೆಯನ್ನು ಬಳಸಿಕೊಳ್ಳುತ್ತಾರೆ ಎಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳಬೇಕು. ಜೊತೆಗೆ, ಹಾನ್ಲೆಯ ಕುರಿಗಾಹಿ ಕುಟುಂಬಗಳು ತಮ್ಮ ಕಿಟಕಿಗೆ ಪರದೆ ಎಳೆದುಕೊಳ್ಳಬಹುದಾದರೆ ನಾವೇಕೆ ಒಂದು ದೀಪಕ್ಕೆ ಮರೆ ಕಟ್ಟಲಾರೆವು ಎಂದೂ ಕೇಳಿಕೊಳ್ಳಬೇಕು.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ, ಎರಡೂ ಗಟ್ಟಿಯಾದವು.

ಮೊದಲನೆಯದು: ಕತ್ತಲೆಯನ್ನು ಹೊಗಳುವುದು ಹೊಟ್ಟೆ ತುಂಬಿದವರ ಚಟ. ಇದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ನಮೀಬಿಯಾದ ಆಕಾಶ ಅಷ್ಟು ಕಪ್ಪಾಗಿರುವುದಕ್ಕೆ ಕಾನೂನಿಗಿಂತ ದೊಡ್ಡ ಕಾರಣಗಳಿವೆ. ಕರ್ನಾಟಕದ ನಾಲ್ಕು ಪಟ್ಟಿಗೂ ಮೀರಿದ ನೆಲದಲ್ಲಿ ಸುಮಾರು ಮೂವತ್ತು ಲಕ್ಷ ಜನ. ಅವರಲ್ಲಿ ಅರ್ಧಕ್ಕೆ ಸಮೀಪದಷ್ಟು ಜನರ ಮನೆಯಲ್ಲಿ ವಿದ್ಯುತ್ ಇಲ್ಲ. ಪ್ರವಾಸಿ ಹಣ ಕೊಟ್ಟು ನೋಡುವ ಕತ್ತಲೆಯ ಒಂದು ಪಾಲು ಇನ್ನೊಬ್ಬರ ಮಗು ಓದಲಾಗದ ಕತ್ತಲೆ. ನಾನೂ ಏಳನೆಯ ತರಗತಿಯವರೆಗೆ ಚಿಮಣಿ ಬುಡ್ಡಿಯ ಮುಂದೆ ಓದಿದವನು. ಮನೆಗೆ ಬಲ್ಬು ಬಂದ ರಾತ್ರಿ ಅವ್ವ ಅದಕ್ಕೆ ಕೈಮುಗಿದದ್ದನ್ನು ಮರೆತಿಲ್ಲ. ಆ ಬಲ್ಬನ್ನು ಆರಿಸಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಗಮನಿಸಿ: ಅವ್ವ ಕೈಮುಗಿದ ಬಲ್ಬು ಮನೆಯೊಳಗಿತ್ತು. ಅದು ಪುಸ್ತಕದ ಮೇಲೆ, ಒಲೆಯ ಮೇಲೆ, ಮುಖದ ಮೇಲೆ ಬೆಳಕು ಚೆಲ್ಲುತ್ತಿತ್ತು. ನಾನು ಪ್ರಶ್ನಿಸುತ್ತಿರುವುದು ಯಾರ ಪುಸ್ತಕಕ್ಕೂ, ಯಾರ ಹಾದಿಗೂ ಬೀಳದೆ ಮುಗಿಲಿಗೆ ಹೋಗುವ ಬೆಳಕನ್ನು. ಅದು ಬಡವನ ದೀಪವಲ್ಲ. ಮಾಲ್‌ನ ಗೋಡೆ, ಜಾಹೀರಾತಿನ ಫಲಕ, ಕಟ್ಟಡದ ಅಲಂಕಾರ, ಮೂರು ಬೀದಿಗೆ ಸಾಲುವಂತೆ ಒಂದೇ ಕಂಬಕ್ಕೆ ಏರಿಸಿದ ಹೈಮಾಸ್ಟ್.

ಎರಡನೆಯದು: ಬೆಳಕಿದ್ದರೆ ಸುರಕ್ಷತೆ, ಹೆಣ್ಣುಮಕ್ಕಳು ತಡವಾಗಿ ಮನೆಗೆ ಬರುವ ಊರಿನಲ್ಲಿ ನಕ್ಷತ್ರದ ಮಾತೇಕೆ? ನನಗೂ ಮಗಳಿದ್ದಾಳೆ. ಅವಳು ನಡೆದು ಬರುವ ಹಾದಿಯಲ್ಲಿ ಬೆಳಕು ಬೇಕೇ ಬೇಕು. ಹಾದಿಯ ಮೇಲೆ ಬೇಕು, ಅವಳ ಕಣ್ಣಿನೊಳಗಲ್ಲ. ಮರೆಯಿಲ್ಲದ ದೀಪ ಕಣ್ಣಿಗೆ ಹೊಡೆದಾಗ ಕಣ್ಣಾಲಿ ಕುಗ್ಗುತ್ತದೆ. ಕಂಬದಾಚೆಯ ನೆರಳು ಇನ್ನಷ್ಟು ಕಪ್ಪಾಗಿ, ಅಲ್ಲಿ ನಿಂತವನು ಕಾಣುವುದಿಲ್ಲ. ಅದೇ ದೀಪಕ್ಕೆ ಟೋಪಿ ಇಟ್ಟು ಬೆಳಕನ್ನು ಕೆಳಗಿಳಿಸಿದರೆ ಕಡಿಮೆ ವಿದ್ಯುತ್ತಿನಲ್ಲಿ ಹಾದಿ ಹೆಚ್ಚು ಬೆಳಗುತ್ತದೆ. ಸುರಕ್ಷತೆ ಮತ್ತು ನಕ್ಷತ್ರ ಎದುರಾಳಿಗಳಲ್ಲ. ಎರಡಕ್ಕೂ ಎದುರಾಳಿ ನಮ್ಮ ಅಜಾಗರೂಕತೆ.

ಈ ಅಜಾಗರೂಕತೆಯಲ್ಲಿ ನನ್ನ ಸಹಿಯೂ ಇದೆ. ನಮ್ಮ ವಸತಿ ಸಮುಚ್ಚಯದ ನಿವಾಸಿಗಳ ಸಂಘದಲ್ಲಿ ಖಜಾಂಚಿಯಾಗಿದ್ದಾಗ ಆಟದ ಮೈದಾನಕ್ಕೆ ನಾಲ್ಕು ಪ್ರಖರ ದೀಪ ಹಾಕುವ ಠರಾವಿಗೆ ಸಹಿ ಮಾಡಿದವನು ನಾನೇ. ‘ವಿದೇಶದ ಸ್ವಚ್ಛ ಆಕಾಶ’ದ ಪ್ರಬಂಧವನ್ನು ಓದಿ ಚಪ್ಪಾಳೆ ಪಡೆದದ್ದೂ ಆ ತಿಂಗಳಲ್ಲೇ. ‘ಯಾರು ತೆಗೆದರು?’ ಎಂಬ ಪ್ರಶ್ನೆಗೆ ನಾನು ಕೊಡಬೇಕಿದ್ದ ಉತ್ತರ ಆ ಠರಾವಿನ ಪುಸ್ತಕದಲ್ಲಿದೆ.

ಇನ್ನು ತ್ರಿಶಂಕುವಿನ ವಿಷಯ. ನಮ್ಮ ಹೊರನಾಡ ಬರಹಗಳಲ್ಲಿ ಅದೇ ಚಂದ್ರನಷ್ಟೇ ಸವೆದ ಇನ್ನೊಂದು ನಾಣ್ಯ ಇದು. ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ, ನಾವು ತ್ರಿಶಂಕುಗಳು ಎಂದು ಎಷ್ಟು ಜನ ಬರೆದಿಲ್ಲ! ಬರೆದವರಲ್ಲಿ ಎಷ್ಟು ಜನ ತ್ರಿಶಂಕುವನ್ನು ಕಂಡಿದ್ದಾರೆ? ಅದು ಶಿಲುಬೆಯ ಆಕಾರದಲ್ಲಿ ನಿಂತ ನಾಲ್ಕು ನಕ್ಷತ್ರಗಳ ಪುಂಜ, ದಕ್ಷಿಣದಲ್ಲಿದೆ. ವಿಂಡ್‌ಹುಕ್‌ನಲ್ಲಿ ಮೂರು ವರ್ಷ ಅದನ್ನು ಆಕಾಶದ ಎತ್ತರದಲ್ಲಿ ನೋಡಿದೆ. ಅದು ವಿದೇಶದ ನಕ್ಷತ್ರ ಎಂದೇ ತಿಳಿದಿದ್ದೆ. ದೆಹಲಿಗೆ ಬಂದ ಮೇಲೆ ಆ ನಂಬಿಕೆ ಇನ್ನೂ ಗಟ್ಟಿಯಾಯಿತು. ದೆಹಲಿಯ ಅಕ್ಷಾಂಶಕ್ಕೆ ಅದು ದಿಗಂತವನ್ನು ತಾಗಿ ಹೋಗುತ್ತದೆ, ಕಂಡೂ ಕಾಣದ ಹಾಗೆ.

ಆಮೇಲೆ ಒಂದು ದಿನ ಸುಮ್ಮನೆ ಲೆಕ್ಕ ಹಾಕಿದೆ. ನಮ್ಮೂರು ಹಾವೇರಿ ಜಿಲ್ಲೆಯಲ್ಲಿ, ರಾಣೆಬೆನ್ನೂರಿನ ಹತ್ತಿರ. ಅಕ್ಷಾಂಶ 15 ಡಿಗ್ರಿಗೆ ತುಸು ಕಡಿಮೆ. ಹಾಗಿದ್ದರೆ ಧ್ರುವ ನಕ್ಷತ್ರ ಅಲ್ಲಿ ಉತ್ತರ ದಿಗಂತದಿಂದ ಸುಮಾರು 15 ಡಿಗ್ರಿ ಎತ್ತರದಲ್ಲಿರುತ್ತದೆ. ತ್ರಿಶಂಕು ಮೇ ತಿಂಗಳ ನಡುವೆ, ರಾತ್ರಿ ಒಂಬತ್ತೂವರೆಯ ಸುಮಾರಿಗೆ, ದಕ್ಷಿಣ ದಿಗಂತದಿಂದ ಎಷ್ಟು ಎತ್ತರದಲ್ಲಿರಬೇಕು? ಸುಮಾರು 15 ಡಿಗ್ರಿ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿ. ಲೆಕ್ಕವನ್ನು ಎರಡು ಸಲ ಮಾಡಿದೆ. ವಿಂಡ್‌ಹುಕ್‌ನಲ್ಲಿ ಧ್ರುವನಿಲ್ಲ, ದೆಹಲಿಯಲ್ಲಿ ತ್ರಿಶಂಕುವಿಲ್ಲ. ನಮ್ಮೂರ ಮಾಳಿಗೆಯ ಮೇಲೆ ನಿಂತರೆ ಮೇ ತಿಂಗಳಲ್ಲಿ ಬೆನ್ನಿಗೊಬ್ಬ, ಎದುರಿಗೊಬ್ಬ, ಇಬ್ಬರೂ ಒಂದೇ ಎತ್ತರದಲ್ಲಿ. ನಲವತ್ತು ದಾಟುವವರೆಗೆ ಇದು ನನಗೆ ಗೊತ್ತಿರಲಿಲ್ಲ. ಬಿಟ್ಟು ಬಂದ ಊರಿನ ಬಗ್ಗೆ ಅಷ್ಟೊಂದು ಹಂಬಲಿಸಿ ಬರೆದವನಿಗೆ ಆ ಊರಿನ ಆಕಾಶದ ವಿಳಾಸವೇ ತಿಳಿದಿರಲಿಲ್ಲ.

ಮುಂದಿನ ಮೇ ತಿಂಗಳ ರಜೆಯಲ್ಲಿ ಊರಿಗೆ ಹೋಗಿ, ಅಪ್ಪನನ್ನೂ ಕರೆದುಕೊಂಡು ಮಾಳಿಗೆ ಹತ್ತಿದೆ. ಅಪ್ಪ ಒಣಬೇಸಾಯದ ರೈತ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆಯ ನಕ್ಷತ್ರಗಳನ್ನು ನಿದ್ದೆಯಲ್ಲೂ ಹೇಳಬಲ್ಲರು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವ ಲೆಕ್ಕ ಅದು. ಮಳೆ ನಕ್ಷತ್ರ ತನ್ನ ಮಳೆಯ ದಿನಗಳಲ್ಲಿ ಸೂರ್ಯನ ಬೆಳಕಿನಲ್ಲಿ ಅಡಗಿರುತ್ತದೆ, ಕಾಣುವುದಿಲ್ಲ. ಕಾಣದ ನಕ್ಷತ್ರವನ್ನು ನಂಬಿ ಬಿತ್ತಬೇಕಾದರೆ ಕಾಣುವ ದಿನಗಳಲ್ಲಿ ಯಾರಾದರೂ ಅದನ್ನು ನೋಡಿಟ್ಟುಕೊಂಡಿರಬೇಕಲ್ಲವೇ? ಆ ನೋಟ ಎಷ್ಟೋ ತಲೆಮಾರಿನ ಹಿಂದಿನವರದು. ಅಪ್ಪನಿಗೂ ಹೆಸರುಗಳು ಗೊತ್ತು, ತೋರಿಸಲು ಬರುವುದು ನಾಲ್ಕೈದು ಮಾತ್ರ. ನನಗೆ ಹೆಸರುಗಳೂ ಪೂರ್ತಿ ಬರುವುದಿಲ್ಲ. ನನ್ನ ಮಗಳಿಗೆ ಆಕಾಶವೇ ಬರುವುದಿಲ್ಲ.

ಉತ್ತರದಲ್ಲಿ ಧ್ರುವ ಸಿಕ್ಕಿದ. ದಕ್ಷಿಣಕ್ಕೆ ತಿರುಗಿದರೆ ಹೆದ್ದಾರಿಯ ದೀಪಗಳ ಬಿಳಿ ಹೊಗೆಯಂಥ ಬೆಳಕು; ಅದರ ಮುಂದೆ ಬಸ್ ನಿಲ್ದಾಣದ ಹೊಸ ಹೈಮಾಸ್ಟ್, ನೇರ ಕಣ್ಣಿಗೆ. ಅಂಗೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದೆ. ಎಡಪಕ್ಕದಲ್ಲಿ ಎರಡು ಪ್ರಕಾಶಮಾನ ತಾರೆಗಳು, ಅವು ತ್ರಿಶಂಕುವಿಗೆ ದಾರಿ ತೋರುವ ಜೋಡಿ, ಕಂಡಂತಾಯಿತು. ಅವು ತೋರಿದ ಜಾಗದಲ್ಲಿ ಬೆಳಕಿನ ಮಬ್ಬು ಬಿಟ್ಟರೆ ಏನೂ ಇರಲಿಲ್ಲ. ‘ಏನು ಹುಡುಕ್ತಿ?’ ಎಂದರು ಅಪ್ಪ. ಹೇಳಿದೆ. ‘ಹೈಮಾಸ್ಟ್ ಬೇಕಂತ ಅರ್ಜಿ ಕೊಟ್ಟವರು ನಾವ’ ಎಂದರು. ದೂರಿನ ದನಿ ಅಲ್ಲ; ಹೆಮ್ಮೆಯೂ ಅಲ್ಲ. ಕತ್ತಲಲ್ಲಿ ಹಾವು ತುಳಿದು ಸತ್ತವರನ್ನು ಕಂಡ ಊರು ಅದು.

ಹಾಗಾಗಿ ನನ್ನ ಬೇಡಿಕೆ ದೀಪ ಕೀಳಿಸಬೇಕೆಂಬುದಲ್ಲ. ಹಾವು ಕಾಣಲಿ, ತ್ರಿಶಂಕುವೂ ಕಾಣಲಿ; ತಗಡಿನ ಒಂದು ಟೋಪಿಯಿಂದ ಇದು ಆಗುವ ಕೆಲಸ. ಉಳಿದ ಹಲವು ಮಾಲಿನ್ಯಗಳನ್ನು ನಿಲ್ಲಿಸಿದ ಮೇಲೂ ತೊಳೆಯಲು ಬಹಳ ಕಾಲ ಬೇಕು. ಬೆಳಕಿನ ಮಾಲಿನ್ಯ ಗುಂಡಿ ಒತ್ತಿದ ಕ್ಷಣಕ್ಕೆ ಹೋಗುತ್ತದೆ. ದೆಹಲಿಗೆ ಮರಳಿದ ಮೇಲೆ ನಮ್ಮ ಮೈದಾನದ ನಾಲ್ಕು ದೀಪಗಳಿಗೆ ಮರೆ ಕಟ್ಟಿಸಿ, ಆಟ ಮುಗಿದ ಮೇಲೆ ಆರಿಸುವ ಠರಾವು ಮಂಡಿಸಿದೆ. ಎರಡು ಸಭೆ ಸೋತು ಮೂರನೆಯದರಲ್ಲಿ ಪಾಸಾಯಿತು. ನಕ್ಷತ್ರಗಳು ಮರಳಿ ಬಂದವೆಂದು ಬರೆಯಲಾರೆ. ದೆಹಲಿಯ ಆಕಾಶಕ್ಕೆ ನಾಲ್ಕು ದೀಪ ಯಾವ ಲೆಕ್ಕ? ಎದುರು ಮನೆಯ ಕೂಸು ಈಗ ಬೇಗ ನಿದ್ದೆ ಮಾಡುತ್ತದಂತೆ, ಅಷ್ಟೇ.

ಬಳಗದ ಬರಹಗಾರ ಮಿತ್ರರಲ್ಲಿ ಒಂದು ಕೋರಿಕೆ. ಪರದೇಶದ ರಾತ್ರಿಯ ಬಗ್ಗೆ ಬರೆಯಿರಿ, ಬೇಡವೆನ್ನುವುದಿಲ್ಲ. ಚಂದ್ರನ ಮೊಲ ಯಾವ ಕಡೆ ತಲೆ ಹಾಕಿದೆ ಎಂದು ನೋಡಿ ಬರೆಯಿರಿ. ಪಕ್ಕದಲ್ಲಿ ನಿಂತವನು ಆ ನಕ್ಷತ್ರವನ್ನು ಏನೆಂದು ಕರೆಯುತ್ತಾನೆ ಎಂದು ಕೇಳಿ ಬರೆಯಿರಿ. ಊರಿನ ಆಕಾಶ ಹೋಯಿತೆಂದು ಬರೆಯುವ ಮುನ್ನ ಊರಿನ ಪಂಚಾಯಿತಿಗೆ ದೀಪದ ಮರೆಗಾಗಿ ಒಂದು ಅರ್ಜಿ ಬರೆಯಿರಿ. ನಾನು ಬರೆದಿದ್ದೇನೆ, ಉತ್ತರಕ್ಕೆ ಕಾಯುತ್ತಿದ್ದೇನೆ. ಅಪ್ಪ ಆ ಅರ್ಜಿಗೆ ಮೊದಲ ಸಹಿ ಹಾಕಿದ್ದಾರೆ.

ನನ್ನ ಹಳೆಯ ಪ್ರಬಂಧವನ್ನು ತೆಗೆದುಹಾಕಿ ಎಂದು ಸಂಪಾದಕರನ್ನು ಕೇಳುವುದಿಲ್ಲ. ಕಚೇರಿಯ ಪದ್ಧತಿಯಂತೆ ಮೂಲ ಆದೇಶವೂ ಕಡತದಲ್ಲಿರಲಿ. ‘ಅದೇ ಚಂದ್ರ, ಅದೇ ತಾರೆ’ ಎಂದಿರುವ ಕಡೆ ‘ಮಗುಚಿದ ಚಂದ್ರ, ನಾನು ಹೆಸರು ಕೇಳದ ತಾರೆ’ ಎಂದೂ, ‘ಊರಿನಲ್ಲಿ ಈಗ ಕಾಣುವುದಿಲ್ಲ’ ಎಂದಿರುವ ಕಡೆ ‘ಊರಿನಲ್ಲಿ ನಾವು ಮುಚ್ಚಿದ್ದೇವೆ’ ಎಂದೂ ಓದಿಕೊಳ್ಳಬೇಕಾಗಿ ವಿನಂತಿ.